ಗಂಟೆಯ ನಾಲಿಗೆಗೆ ಸುತ್ತಿದ ರುಮಾಲು

"ಗುರುಗಳೇ, ಸರ್ಕಾರದ ಕೆಲಸವೆಲ್ಲ ಈಗ ಕಂಪ್ಯೂಟರನ್ನೇ ನಂಬಿಕೊಂಡಿದೆ. ಎಷ್ಟು ನಂಬಿದ್ದೇವೆ, ಅದರಿಂದ ಅಪಾಯ ಎಷ್ಟು ಎಂದು ಅಳೆದು ಹೇಳು ಎಂದಿದ್ದಾರೆ ಮೇಲಿನವರು. ಹೇಗೆ ಅಳೆಯಲಿ?" ಎಂದು ಕಚೇರಿಯಿಂದ ನೇರ ಮಠಕ್ಕೆ ಬಂದಿದ್ದ ಶಿಷ್ಯ ಶಾಂತವೀರ ಕೇಳಿದ.

ಗುರುಗಳು ನಕ್ಕು ಕತೆ ಹೇಳಿದರು.

ಒಬ್ಬ ರಾಜ ಊರ ನಡುವೆ ದೊಡ್ಡ ಗಂಟೆ ಕಟ್ಟಿಸಿದ. ಕೋಟೆ ಬಾಗಿಲು ತೆರೆಯುವುದಕ್ಕೂ ಗಂಟೆ, ಕಣಜ ತೆರೆಯುವುದಕ್ಕೂ ಗಂಟೆ, ಊಟಕ್ಕೂ ಗಂಟೆ. ಊರಿಗೆ ಊರೇ ಹಿಗ್ಗಿತು. ಒಂದು ದಿನ ರಾಜ ಮಂತ್ರಿಯನ್ನು ಕರೆದು, "ಈ ಗಂಟೆಯನ್ನು ನಾವು ಎಷ್ಟು ನಂಬಿದ್ದೇವೆ? ನಾಳೆ ಸಂಜೆಯೊಳಗೆ ಅಳೆದು ಹೇಳು. ಆಗದಿದ್ದರೆ ಮುದ್ರೆಯುಂಗುರ ಇಟ್ಟು ಮನೆಗೆ ನಡೆ" ಎಂದ.

ಮಂತ್ರಿ ಅಂದೇ ಕೆಲಸಕ್ಕಿಳಿದ. ಗಂಟೆಯನ್ನು ತೂಗಿಸಿದ, ಹಗ್ಗವನ್ನು ಅಳೆಸಿದ. ಅದೆಲ್ಲ ಗಂಟೆಯ ಲೆಕ್ಕವಾಯಿತೇ ಹೊರತು ನಂಬಿಕೆಯದ್ದಾಗಲಿಲ್ಲ. ಮರುದಿನ ಬೆಳಕು ಹರಿಯುವ ಮುಂಚೆ ತಾನೇ ಗೋಪುರ ಹತ್ತಿ, ತಲೆಯ ರುಮಾಲು ಬಿಚ್ಚಿ, ಗಂಟೆಯ ನಾಲಿಗೆಗೆ ಸುತ್ತಿಬಿಟ್ಟ.

ಬಿಸಿಲೇರಿತು. ಕೋಟೆಯ ಹೊರಗೆ ಹಾಲಿನವರು ನಿಂತೇ ಇದ್ದರು. ಒಳಗೆ ಕಾವಲುಗಾರ, ಬೀಗದ ಕೈ ಸೊಂಟದಲ್ಲಿಟ್ಟುಕೊಂಡೇ, ಬಾಗಿಲ ಸಂದಿಯಿಂದ ಅವರೊಡನೆ ಹರಟುತ್ತಿದ್ದ! ಮಂತ್ರಿ ನಗು ತಡೆದುಕೊಂಡು ಅರಮನೆಗೆ ಹೋದ. ಅಲ್ಲಿ ಬಡಿಸಿದ ಎಲೆಯ ಮುಂದೆ ರಾಜ ಜೊಲ್ಲು ನುಂಗುತ್ತ ಕುಳಿತಿದ್ದ.

"ಪ್ರಭುಗಳಿಗೆ ಹಸಿವಿಲ್ಲವೇ?"

"ಪ್ರಾಣ ಹೋಗುತ್ತಿದೆ. ಆದರೆ ಗಂಟೆ ಆಗಲಿಲ್ಲವಲ್ಲಯ್ಯ!"

ಮಂತ್ರಿ ಬರಿದಲೆ ಬಾಗಿಸಿ, "ಅಳತೆ ಸಿಕ್ಕಿತು ಪ್ರಭು. ನನ್ನ ರುಮಾಲು ಗಂಟೆಯ ನಾಲಿಗೆಗೆ ಸುತ್ತಿಕೊಂಡಿದೆ. ಆ ಹಗ್ಗ ಯಾರ ಕೈಗೆ ಸಿಕ್ಕರೂ ನಮ್ಮ ಕೋಟೆಯೂ ಅವರದು, ತಮ್ಮ ತುತ್ತೂ ಅವರದು" ಎಂದ.

ರಾಜ ಒಮ್ಮೆ ಎಲೆ ನೋಡಿದ, ಒಮ್ಮೆ ಮಂತ್ರಿಯ ತಲೆ ನೋಡಿದ. ಹೊಟ್ಟೆ ಹುಣ್ಣಾಗುವಂತೆ ನಕ್ಕು, ಅವನನ್ನು ಪಕ್ಕದಲ್ಲೇ ಊಟಕ್ಕೆ ಕೂರಿಸಿಕೊಂಡ. ಅಂದಿನಿಂದ ಹಗ್ಗಕ್ಕೆ ಕಾವಲು ಬಂತು. ತಿಂಗಳಿಗೊಂದು ದಿನ ಗಂಟೆಗೆ ರುಮಾಲೂ ಬಂತು. ಆ ದಿನ ಕಾವಲುಗಾರ ಸೂರ್ಯನನ್ನು ನೋಡಿ ಬಾಗಿಲು ತೆರೆಯುತ್ತಿದ್ದ. ಜನ ಬೀದಿಯಿಂದ ಬೀದಿಗೆ ಕೂಗಿ ಒಬ್ಬರನ್ನೊಬ್ಬರು ಊಟಕ್ಕೆ ಕರೆಯುತ್ತಿದ್ದರು. ಊರಿಗೆ ಅದೇ ಹಬ್ಬವಾಯಿತು.

ಶಾಂತವೀರನ ಮುಖ ಅರಳಿತು. "ತಿಳಿಯಿತು ಗುರುಗಳೇ! ನಮ್ಮಲ್ಲೂ ಒಂದು ದಿನ ಕಂಪ್ಯೂಟರು ನಿಲ್ಲಿಸಿ ನೋಡುತ್ತೇನೆ. ಅಪ್ಪಣೆ ಬೇಕೆಂದು ಈಗಲೇ ಕಂಪ್ಯೂಟರಿನಲ್ಲಿ ಅರ್ಜಿ ಹಾಕುತ್ತೇನೆ" ಎಂದು ಎದ್ದು ನಿಂತ.

ಗುರುಗಳು ಕೇಳಿದರು: "ಅದು ನಿಂತುಹೋದ ದಿನ ಅರ್ಜಿ ಎಲ್ಲಿ ಹಾಕುತ್ತೀಯಪ್ಪಾ?"