ಒಂದೇ ಸೌಟಿನ ಭರಣಿ

"ರಾಜಕುಮಾರಿ ಕೇಳುವ ಮೂರು ಒಗಟು ಬಿಡಿಸಿದವರಿಗೆ ನೀರಿನ ಯಂತ್ರದ ಯಜಮಾನಿಕೆ, ಬೇಡಿದ್ದೊಂದು ವರ. ಉತ್ತರ ತಪ್ಪಿದವರ ತಲೆ ಕೋಟೆ ಬಾಗಿಲಿಗೆ" ಎಂದು ಹಂಸಗಿರಿಯ ಬೀದಿಗಳಲ್ಲಿ ಡಂಗುರ ಸಾರಿದರು.

ಅರಮನೆಯಲ್ಲಿ ಪಾತ್ರೆ ತೊಳೆಯುವ ಹೊಂಬಾಳಿ ಅದನ್ನು ಮೂಗು ಮುಚ್ಚಿಕೊಂಡೇ ಕೇಳಿದಳು. ಊರಿಗೆ ಊರೇ ನಾರುತ್ತಿತ್ತು. ಕಾಲುವೆಯ ಬಾಗಿಲು ಎತ್ತಿ ಇಳಿಸುವ ಯಂತ್ರದ ನೆನಪಿನಲ್ಲಿ, ನಾಲ್ಕು ಪ್ರೋಗ್ರಾಂಗಳು ನಾಲ್ಕು ಹೆಸರಿನಿಂದ ಬಳಸುವ ಒಂದು ಖಾನೆ. ಬಾಗಿಲು ಎಷ್ಟು ಮೊಳ ಏಳಬೇಕೆಂಬ ಅಂಕಿ ಇರುವುದು ಅದರಲ್ಲಿ. ಅದನ್ನು ಒಂದು ಪ್ರೋಗ್ರಾಂ ಓದುತ್ತಿರುವಾಗಲೇ ಇನ್ನೊಂದು ತಿದ್ದಿತು. ಬಾಗಿಲು ಅರ್ಧಕ್ಕೆ ಸಿಕ್ಕಿಕೊಂಡು ಚರಂಡಿಯ ರೊಚ್ಚೆಯೆಲ್ಲ ಕುಡಿಯುವ ಕೊಳಕ್ಕೆ ನುಗ್ಗಿತು. ಆ ಎರಡು ಪ್ರೋಗ್ರಾಂ ಬರೆದ ಇಬ್ಬರು ಪಂಡಿತರು ಗಂಧ ಪೂಸಿಕೊಂಡು ತಿರುಗಿದರು. ಸಿಕ್ಕಿಕೊಂಡ ಬಾಗಿಲನ್ನು ಬಿಡಿಸಲು ಕೈಯಿಂದ ಎಳೆಯುತ್ತಿದ್ದ ಕಾವಲುಗಾರ ಬೋರ ತಪ್ಪು ಹೊತ್ತು ಸೆರೆಮನೆ ಸೇರಿದ. ಬೋರ ಹೊಂಬಾಳಿಯ ಗಂಡ; ಯಂತ್ರದ ಒಳಗುಟ್ಟನ್ನೆಲ್ಲ ಅವಳಿಗೆ ಹೇಳಿದ್ದವನು ಅವನೇ.

ಸಭೆಯಲ್ಲಿ ಆ ಇಬ್ಬರು ಪಂಡಿತರೇ ಮೊದಲು ಎದ್ದರು. ಎರಡು ಒಗಟುಗಳಿಗೆ ಅದೂ ಇದೂ ಹೇಳಿ ಜಾರಿಕೊಂಡು, ಎಲ್ಲರಿಗೂ ಸೇರಿದ್ದು ಕೆಡದಂತೆ ಉಳಿಯುವುದು ಹೇಗೆಂಬ ಮೂರನೆಯದಕ್ಕೆ ಸಿಕ್ಕಿಬಿದ್ದರು. ಒಬ್ಬ, ಜಾಗ್ರತೆಯಾಗಿರುತ್ತೇವೆಂದು ಎಲ್ಲರಿಂದ ಆಣೆ ಹಾಕಿಸಿದರಾಯಿತು ಎಂದ. ಇನ್ನೊಬ್ಬ, ಎಲ್ಲರಿಗೂ ಅದರ ಒಂದೊಂದು ನಕಲು ಕೊಡಿ ಎಂದ. ಹಾಗಾದರೆ ಒಬ್ಬ ತಿದ್ದಿದ ಅಂಕಿ ಇನ್ನೊಬ್ಬನಿಗೆ ತಿಳಿಯುವುದು ಹೇಗೆಂದು ರಾಜಕುಮಾರಿ ಕೇಳಿದಾಗ ಅವನು ಮೊದಲನೆಯವನ ಬೆನ್ನ ಹಿಂದೆ ಸರಿದ. ಭಟರು ಇಬ್ಬರ ರಟ್ಟೆ ಹಿಡಿದರು.

ಹೊಂಬಾಳಿ ಬೂದಿ ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಬಂದಳು.

"ಒಂದೇ ಮನೆಗೆ ನಾಲ್ಕು ದಾರಿ" ಎಂದಳು ರಾಜಕುಮಾರಿ. "ಒಂದು ದಾರಿಯಲ್ಲಿ ಬಂದವನು ಅನ್ನಕ್ಕೆ ಮಣ್ಣು ಹಾಕಿದ, ಇನ್ನೊಂದರಲ್ಲಿ ಬಂದವನು ಅದನ್ನೇ ಅನ್ನವೆಂದು ಉಂಡ. ಯಾವುದು ಆ ಮನೆ?"

"ನಿಮ್ಮ ಯಂತ್ರದ ಖಾನೆ, ತಾಯಿ. ಅದಕ್ಕೆ ನಾಲ್ಕು ಹೆಸರಿಟ್ಟು ನಾಲ್ಕು ಜನಕ್ಕೆ ಕೊಟ್ಟಿದ್ದೀರಿ."

"ನೂರು ಜನ ನೋಡಿದರೆ ಕೆಡದು, ಒಬ್ಬ ಮುಟ್ಟಿದರೆ ಕೆಡದು. ನೂರು ಜನ ನೋಡುವಾಗ ಒಬ್ಬ ಮುಟ್ಟಿದರೆ ಕೆಡುವುದು. ಏನದು?"

"ಅದೂ ಆ ಖಾನೆಯೇ. ಓದುವವರು ಎಷ್ಟಾದರೂ ಇರಲಿ. ತಿದ್ದುವವನು ಬಂದರೆ ಅವನೊಬ್ಬನೇ ಇರಬೇಕು."

ರಾಜಕುಮಾರಿ ಮೂರನೆಯದನ್ನು ಹೇಳಿದಳು: "ಎಲ್ಲರಿಗೂ ಸೇರಿದ್ದು, ಹೊರಗಿನಿಂದ ಯಾರೂ ಕದಲಿಸುವಂತಿಲ್ಲ. ಆದರೂ ಒಳಗೆ ದಿನವೂ ಬದಲಾಗಬೇಕು. ಕೆಡದಂತೆ ಉಳಿಯುವುದು ಹೇಗೆ?"

"ನಮ್ಮ ಉಪ್ಪಿನಕಾಯಿ ಭರಣಿ ಉಳಿದ ಹಾಗೆ" ಎಂದಳು ಹೊಂಬಾಳಿ. "ಬಾಯಿಗೆ ಬಟ್ಟೆ ಕಟ್ಟಿರುತ್ತೇವೆ. ಗೂಟಕ್ಕೆ ಒಂದೇ ಒಂದು ಮರದ ಸೌಟು. ಸೌಟು ಕೈಗೆ ಬಂದವನು ಮಾತ್ರ ಬಟ್ಟೆ ಬಿಚ್ಚಬೇಕು, ಕೆಲಸ ಮುಗಿಸಿ ಸೌಟನ್ನು ಮತ್ತೆ ಗೂಟಕ್ಕೆ ಹಾಕಬೇಕು. ಗೂಟ ಬರಿದಾಗಿದ್ದರೆ ಕಾಯಬೇಕು. ನಿಮ್ಮ ಖಾನೆಗೂ ಅಂಥ ಒಂದೇ ಸೌಟು ಇರಲಿ."

"ಕಾಯದೆ ಕೈ ಹಾಕಿದರೆ?"

"ಅಡುಗೆಯವಳು ಆ ಕೈ ಹಿಡಿದು ಪಂಕ್ತಿಯನ್ನೇ ಎಬ್ಬಿಸಿಬಿಡುತ್ತಾಳೆ. ಒಂದು ಹೊತ್ತು ಉಪವಾಸ ಬೀಳಬಹುದು, ತಾಯಿ. ಎಂಜಲು ಕೈ ಅದ್ದಿ ಹುಳ ಹಿಡಿದದ್ದನ್ನು ವರ್ಷವೆಲ್ಲ ನೆಕ್ಕಲಾಗದು. ನಿಮ್ಮ ಖಾನೆಯೊಳಗೆ ಎಷ್ಟು ಪಂಡಿತರ ಎಂಜಲಿದೆಯೋ, ನೆನೆದರೆ ವಾಕರಿಕೆ ಬರುತ್ತದೆ."

ರಾಜಕುಮಾರಿ ನಕ್ಕು ಯಂತ್ರದ ಬೀಗದ ಕೈಯನ್ನು ಅವಳ ಮಡಿಲಿಗೆ ಹಾಕಿದಳು. ಹೊಂಬಾಳಿ ಬೇಡಿದ ವರ ಬೋರನ ಬಿಡುಗಡೆ.

"ಇವರ ತಲೆ?" ಎಂದರು ಭಟರು.

"ಥೂ, ಆ ತಲೆ ಕಟ್ಟಿ ಕೋಟೆ ಬಾಗಿಲನ್ನೂ ನಾರಿಸಬೇಡಿ" ಎಂದಳು ಹೊಂಬಾಳಿ. "ಯಜಮಾನಿ ಹೇಳುತ್ತಿದ್ದೇನೆ, ಕೊಳಕ್ಕಿಳಿಸಿ ರೊಚ್ಚೆ ಬಾಚಿಸಿ. ರೊಚ್ಚೆ ತುಂಬಿ ಹೊರಲು ಇಬ್ಬರಿಗೂ ಸೇರಿ ಒಂದೇ ಬಾನಿ ಕೊಡಿ."

ಬೋರ ಸಂಜೆ ಮನೆಗೆ ಬಂದ. ಹೊಂಬಾಳಿ ಅಳುತ್ತಲೇ ಅವನನ್ನು ಹೊಸ್ತಿಲಲ್ಲಿ ತಡೆದು, ಮೊದಲು ಮೀಯಲು ಕಳಿಸಿದಳು. ಹಂಸಗಿರಿಯ ಕೊಳ ತಿಳಿಯಾಗಲು ಮೂರು ತಿಂಗಳು ಹಿಡಿಯಿತು. ಅಷ್ಟು ದಿನವೂ ಒಬ್ಬ ಪಂಡಿತ ಬಾಚುವಾಗ ಇನ್ನೊಬ್ಬ ಬಾನಿಗಾಗಿ ದಡದಲ್ಲಿ ಕಾಯುತ್ತಿದ್ದ.