ನೀಲವ್ವನಿಗೊಂದು ಇಂಗ್ಲಿಷ್ ಪತ್ರ

ಮಲಪ್ರಭೆಯ ದಂಡೆಯ ಒಂದು ಮಠದಲ್ಲಿ ಶಂಭುಲಿಂಗಜ್ಜ ಎಂಬ ಗುರುಗಳಿದ್ದರು. ಹಿಂದೆ ಇಂಗ್ಲಿಷ್ ಮಾಸ್ತರರಾಗಿದ್ದವರು. ಸನ್ಯಾಸ ಬಂದಿತ್ತು, ಸಿಟ್ಟು ಹೋಗಿರಲಿಲ್ಲ.

ಮಠದಲ್ಲಿ ಅಡುಗೆ ಮಾಡುವ ನೀಲವ್ವನಿಗೆ ಮಗಳ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಗುವಂತಿತ್ತು. ಅಲ್ಲಿಯ ಡಾಕ್ಟರು ಬೇರೆ ರಾಜ್ಯದವರು, ಆಕೆಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಶಿಫಾರಸು ಪತ್ರ ಕೇಳಿದ್ದರು. ಅಂದಿನ ಮಧ್ಯಾಹ್ನದ ಬಸ್ಸಿಗೆ ಅದು ಹೋಗದಿದ್ದರೆ ಕೆಲಸ ಬೇರೆಯವರ ಪಾಲು.

ಶಿಷ್ಯ ವಿರೂಪಾಕ್ಷ ನಾಲ್ಕನೆಯ ಸಲ ಬರೆದು ತಂದ. ಗುರುಗಳು ಓದಿ ಹಣೆ ಚಚ್ಚಿಕೊಂಡರು.

"ಗುಡ್, ಆನೆಸ್ಟ್, ಕೈಂಡ್, ಕ್ಲೀನ್... ಬರೇ ವಿಶೇಷಣ! ಆಕಿ ಏನೂ ಮಾಡೂದ ಇಲ್ಲೇನೋ?"

"ಅಡಗಿ ಮಾಡ್ತಾಳ್ರಿ ಅಜ್ಜಾರ."

"ಹೆಂಗ ಮಾಡ್ತಾಳ? ವಿಶೇಷಣ ಮನಷ್ಯಾಗ ಅಂಟತೈತಿ, ಕ್ರಿಯಾವಿಶೇಷಣ ಕೆಲಸಕ್ಕ ಅಂಟತೈತಿ. ಎಷ್ಟು ಸಲ ಬಡ್ಕೊಳ್ಳಲಿ?"

"ಅದು ಬಾಯಿಪಾಠ ಐತ್ರಿ."

"ಒಂಬತ್ತು ವರ್ಷ ಆಕಿ ಕೈಯಾಗ ಉಂಡೀದಿ. ಹೆಂಗ ಬಡಸ್ತಾಳ, ಹೇಳು."

ವಿರೂಪಾಕ್ಷ ಪೆನ್ನು ತೆಗೆದ.

"ನೈಸ್‌ಲಿ ಅಂತ ಹಾಕ್ಲೇನ್ರಿ?"

ಗುರುಗಳು ಪತ್ರವನ್ನು ಹರಿದೇ ಬಿಟ್ಟರು.

"'ಲಿ' ಅಂತ ಬಾಲ ಹಚ್ಚಿದ್ರ ಆತೇನೋ? ನಿನ್ನ ವ್ಯಾಕರಣ ಸರಿ ಐತಿ, ಕಣ್ಣ ಸರಿ ಇಲ್ಲ. ಪಂಕ್ತಿ ಕುಂತೈತಿ, ಹೋಗಿ ನೋಡು!"

ವಿರೂಪಾಕ್ಷ ಹೋಗಿ ಊಟದ ಮನೆಯ ಬಾಗಿಲಲ್ಲಿ ನಿಂತ.

ಹಲ್ಲಿಲ್ಲದ ಮುದುಕರಿಗೆ ನೀಲವ್ವ ರೊಟ್ಟಿ ಮುರಿದು, ಸಾರಿನಲ್ಲಿ ನೆನೆಸಿ ಇಡುತ್ತಿದ್ದಳು. ಇನ್ನೊಂದು ಕೇಳಲು ನಾಚುತ್ತಿದ್ದ ಪರವೂರಿನವನೊಬ್ಬನ ತಟ್ಟೆಗೆ, ಅವನ ಮುಖ ನೋಡದೆ, ಪಕ್ಕದವನನ್ನು ಮಾತಾಡಿಸುತ್ತಲೇ ರೊಟ್ಟಿ ಹಾಕಿ ಮುಂದೆ ಹೋದಳು.

ಒಲೆಯ ಬಳಿ ವಿರೂಪಾಕ್ಷನ ತಟ್ಟೆ ಮುಚ್ಚಿಟ್ಟಿತ್ತು. ತೆಗೆದು ನೋಡಿದ. ಪಲ್ಯದೊಳಗಿನ ಬದನೆಕಾಯಿಯನ್ನೆಲ್ಲ ಆರಿಸಿ ತೆಗೆದಿದ್ದಳು. ಅದು ತನಗೆ ಸೇರುವುದಿಲ್ಲವೆಂದು ಅವನು ಯಾರಿಗೂ ಹೇಳಿರಲಿಲ್ಲ.

ಅವನು ಉಣ್ಣದೆ ಹೊರಗೆ ಬಂದ. ಕಟ್ಟೆಯ ಮೇಲೆ ಕುಳಿತು, ನೋಡಿದ್ದನ್ನು ನೋಡಿದ ಹಾಗೆಯೇ ಇಂಗ್ಲಿಷಿನಲ್ಲಿ ಬರೆದ. ಗುರುಗಳ ಕೈಗೆ ಕೊಟ್ಟು, ತಲೆ ತಗ್ಗಿಸಿ ನಿಂತ.

ಗುರುಗಳು ಓದಿ ಮುಗಿಸುತ್ತಿದ್ದಂತೆ ಅವನು ಕಾಗದಕ್ಕೆ ಕೈ ಚಾಚಿದ.

"ಅಜ್ಜಾರ, ನೀಲವ್ವನ್ನ ಕಳಸಬ್ಯಾಡ್ರಿ."

ಗುರುಗಳು ಕಾಗದ ಮಡಚಿ ಅವನ ಕೈಗೇ ಇಟ್ಟರು.

"ಈಗ ಪತ್ರ ಸರಿ ಆತು. ಓಡು, ಬಸ್ ಬಂತು."