ಕಾವಲಿನ ಹುಂಜ ಮತ್ತು ನೀರಿನ ಬಾನಿ

ಮಕ್ಕಳೇ, ನನಗೆ ಕಥೆ ಹೇಳಿ ಅಭ್ಯಾಸವಿಲ್ಲ. ಕೆಟ್ಟದಾಗಿ ಹೇಳಿದರೆ ಕ್ಷಮಿಸಿ. ಒಂದು ಹಿತ್ತಲಿನಲ್ಲಿ ಗಿಡುಗ (ಎಂದರೆ ಬೇಟೆಯಾಡುವ ಹಕ್ಕಿ, ನಿಮಗೆ ಗೊತ್ತಿರಬಹುದು) ದಿನವೂ ಕೋಳಿಮರಿಗಳನ್ನು ಒಯ್ಯುತ್ತಿತ್ತು. ಕೋಳಿಗಳೆಲ್ಲ ಸೇರಿ ಹುಂಜಕ್ಕೆ, "ನೀನು ಗೋಡೆಯ ಮೇಲೆ ನಿಂತು ಕಾಯಿ. ನೀನು ಕೂಗಿದರೆ ಎಲ್ಲಿದ್ದರೂ ಗೂಡಿಗೆ ಓಡಿಬರುತ್ತೇವೆ" ಎಂದವು. ಹುಂಜ ಒಪ್ಪಿತು. ಮರಿಗಳು ಉಳಿದವು.

ಒಂದು ಮಧ್ಯಾಹ್ನ ಹುಂಜ ಗೋಡೆಯಿಳಿದು ನೀರಿನ ಬಾನಿಯ ಅಂಚಿನಲ್ಲಿ ನಿಂತಿತು. "ಇನ್ನು ನನ್ನ ಅಪ್ಪಣೆಯಿಲ್ಲದೆ ಯಾರೂ ನೀರು ಕುಡಿಯಕೂಡದು."

ಬಿಸಿಲಿಗೆ ಒಂದು ಮರಿ ಬಾಯಿ ಬಿಡುತ್ತಿತ್ತು. ಅದರ ತಾಯಿ ಕೇಳಿತು: "ಹುಂಜಣ್ಣ, ಈ ಬಾಯಾರಿಕೆ ನೀನು ಕೊಟ್ಟದ್ದೇ?"

"ಅಲ್ಲ. ಆದರೆ ನನ್ನ ಮಾತು ಕೇಳಲು ನೀವೇ ಒಪ್ಪಿದ್ದೀರಿ."

"ಗಿಡುಗ ಬಂದಾಗ ಓಡಲು ಒಪ್ಪಿದೆವು. ಬಾಯಾರಿಕೆ ಮೊಟ್ಟೆಯೊಳಗಿಂದಲೇ ನಮ್ಮ ಜೊತೆ ಬಂದದ್ದು, ಅದನ್ನು ನಿನಗೆ ಒಪ್ಪಿಸಿಲ್ಲ. ಇಳಿ. ಪಕ್ಕದ ಹಿತ್ತಲಿನ ಹುಂಜಕ್ಕೂ ಒಳ್ಳೆಯ ಗಂಟಲಿದೆ."

ಎಲ್ಲ ಕೋಳಿಗಳೂ ತಾಯಿಯ ಹಿಂದೆ ಬಂದು ನಿಂತವು. ಹುಂಜ ಮತ್ತೆ ಗೋಡೆ ಹತ್ತಿತು. ಮರಿ ನೀರು ಕುಡಿಯಿತು.

ಇಲ್ಲಿ ಓಡಿಬರುವ ಮಾತು ಒಪ್ಪಂದ, ಬಾಯಾರಿಕೆ ಹುಟ್ಟಿನಿಂದ ಬಂದ ಹಕ್ಕು. ಒಪ್ಪಂದ ಇರುವುದೇ ಹಕ್ಕನ್ನು ಕಾಯಲು. ಹಾಗಾಗಿ ಕಾಯುವವರು ಯಾವಾಗಲೂ... ತಡೆಯಿರಿ, ನನ್ನ ಹೆಂಡತಿ ಕೂಗುತ್ತಿದ್ದಾಳೆ. ನಮ್ಮ ಕೋಳಿಗಳಿಗೆ ನಾನು ಬೆಳಿಗ್ಗೆಯಿಂದ ನೀರೇ ಇಟ್ಟಿಲ್ಲವಂತೆ.